ಕೌದಿ, ಕಸೂತಿ ರಿಂಗು, ಒಂದು ಮೈಕು

ಮಂಚದ ಮೇಲೆ ಹರವಿದ ಸಾಮಾನು ನೋಡಿದವರು ಇಲ್ಲಿ ಹೊಲಿಗೆಯ ಕೆಲಸ ನಡೆದಿದೆ ಎಂದೇ ತಿಳಿಯಬೇಕು. ಕಸೂತಿ ಹಾಕುವ ಆರಿಂಚಿನ ಕಟ್ಟಿಗೆಯ ರಿಂಗು. ಮೈಬಣ್ಣದ ತೆಳು ನೈಲಾನ್ ಕಾಲುಚೀಲ ಒಂದು ಜೊತೆ. ಹೆಣ್ಣುಮಕ್ಕಳು ಜಡೆಗೆ ಹಾಕುವ, ಬಟ್ಟೆ ಸುತ್ತಿದ ರಬ್ಬರ್ ಬ್ಯಾಂಡುಗಳ ಪೊಟ್ಟಣ. ಚಹಾ ಸೋಸುವ ಎರಡು ಜಾಲರಿ. ಹಳೆಯ ಕರಡಿ ಗೊಂಬೆಯ ಬೆನ್ನಿನಿಂದ ಬಿಚ್ಚಿಕೊಂಡ ಉದ್ದ ಕೂದಲಿನ ಬಟ್ಟೆ. ದಪ್ಪ ತಂತಿ, ಸೂಜಿ, ದಾರ, ಕತ್ತರಿ. ನೆಲದ ಮೇಲೆ ನಾಲ್ಕಿಂಚಿನ ಪಿವಿಸಿ ಪೈಪಿನ ತುಂಡು, ಅದರ ಪಕ್ಕ ಆಕ್ಸಾ ಬ್ಲೇಡು. ಗೋಡೆಗೆ ಒರಗಿಸಿಟ್ಟ ಎರಡು ಕೌದಿ. ಇಷ್ಟೆಲ್ಲದರ ನಡುವೆ, ದಿಂಬಿನ ಮೇಲೆ ಜೋಪಾನವಾಗಿ ಮಲಗಿಸಿದ ಒಂದೇ ಒಂದು ಮೈಕು.

ಧಾರವಾಡದ ನಮ್ಮ ಹಳೆಯ ಮನೆಯಲ್ಲಿ ಇದು ನನ್ನ ಅಕ್ಕನ ಮಗಳ ಕಾರ್ಖಾನೆ. ಶಾಲೆಯಲ್ಲಿ ಕನ್ನಡ ಕಲಿಸುತ್ತಾಳೆ. ರಜೆ ಬಂದರೆ ಕಣ್ಣು ಕಾಣದ ಮಕ್ಕಳಿಗಾಗಿ ಕಥೆ ಓದಿ ಧ್ವನಿಮುದ್ರಿಸುತ್ತಾಳೆ. ಈಗ ಅವಳು ಕೈ ಹಾಕಿರುವುದು ಅಜ್ಜಿಯ, ಅಂದರೆ ನನ್ನ ಅವ್ವನ, ಬೀಸುವ ಹಾಡುಗಳಿಗೆ. 1930ರ ದಶಕದಲ್ಲಿ ಹಲಸಂಗಿ ಗೆಳೆಯರ ಬಳಗದವರು ಹಳ್ಳಿ ಹಳ್ಳಿಯ ಹೆಣ್ಣುಮಕ್ಕಳಿಂದ ಇಂಥ ಹಾಡು ಕೇಳಿ ಬರೆದಿಟ್ಟುಕೊಂಡು ಪುಸ್ತಕ ಮಾಡಿದರು. ಅವರ ಪುಣ್ಯದಿಂದ ನಮಗೆ ಸಾಹಿತ್ಯ ಉಳಿಯಿತು. ಧಾಟಿಯನ್ನು ಹಿಡಿದಿಡಲು ಅವರ ಕೈಯಲ್ಲಿ ಇದ್ದುದು ಲೇಖನಿಯೊಂದೇ. ನಮ್ಮ ಕೈಯಲ್ಲಿ ಇವತ್ತು ಮೈಕು ಇದೆ, ಆದರೆ ಹಾಡುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವಳ ಅವಸರಕ್ಕೆ ಕಾರಣ ಅದು.

ಮೈಕು ಕೊಂಡ ಮೇಲೆ ಅದಕ್ಕೊಂದು ಪಾಪ್ ಫಿಲ್ಟರ್, ಒಂದು ಶಾಕ್ ಮೌಂಟ್, ಗಾಳಿಗೆ ಒಂದು ತುಪ್ಪಳದ ಟೋಪಿ, ಕೋಣೆಗೆ ಫೋಮು ಎಂದು ಅಂಗಡಿಯವನು ಪಟ್ಟಿ ಕೊಡುತ್ತಾನೆ. ಎಲ್ಲ ಕೂಡಿಸಿದರೆ ಮೈಕಿನ ಬೆಲೆಯನ್ನೂ ಮೀರಿ ಹೋಗುವುದುಂಟು. ಬಹಳ ಮಂದಿ ಇಲ್ಲಿಗೇ ನಿಲ್ಲುತ್ತಾರೆ, ದುಡ್ಡು ಕೂಡಿದಾಗ ನೋಡೋಣ ಎನ್ನುತ್ತಾರೆ. ಆ ಪಟ್ಟಿಯ ಒಂದೊಂದು ವಸ್ತುವೂ ಮಾಡುವ ಕೆಲಸ ಏನೆಂದು ತಿಳಿದುಕೊಂಡರೆ ಮುಕ್ಕಾಲು ಪಾಲು ಮನೆಯಲ್ಲೇ ಆಗುತ್ತದೆ. ಅಂಗಡಿಯದಕ್ಕಿಂತ ಕೆಲವು ಚೆನ್ನಾಗಿಯೇ ಆಗುತ್ತವೆ. ಈ ಕೋಣೆಯಲ್ಲಿ ಕೂತು ನೋಡಿದ ಮೇಲೆ ನನಗೆ ಇದರಲ್ಲಿ ಅನುಮಾನ ಉಳಿದಿಲ್ಲ.

ಮೊದಲು ಕಸೂತಿ ರಿಂಗಿನ ಕೆಲಸ, ಅಂದರೆ ಪಾಪ್ ಫಿಲ್ಟರ್. ನಮ್ಮ ವರ್ಣಮಾಲೆಯ ಪ ವರ್ಗ ಪೂರ್ತಿ ತುಟಿಯದು. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ‘ಮರ’ ಎಂದು ನೋಡಿ, ಆಮೇಲೆ ‘ಫಲ’ ಎಂದು ನೋಡಿ. ಎರಡನೆಯದಕ್ಕೆ ಅಂಗೈಗೆ ಗಾಳಿ ಬಂದು ಬಡಿಯುತ್ತದೆ. ಮೈಕಿನೊಳಗಿನ ಪೊರೆ ಅಂಗೈಗಿಂತ ಸಾವಿರ ಪಾಲು ನಾಜೂಕು. ಆ ಗಾಳಿಗೆ ಅದು ಸ್ಥಾನ ಬಿಟ್ಟು ಹೋಗಿ ‘ಧಬ್’ ಎಂಬ ಗುದ್ದು ದಾಖಲಾಗುತ್ತದೆ. ‘ಭೀಮ’, ‘ಫಣಿ’, ‘ಪ್ರಪಂಚ’ ಬಂದಲ್ಲೆಲ್ಲ ಕಥೆಯ ಮಧ್ಯೆ ಯಾರೋ ಬಾಗಿಲು ಬಡಿದ ಹಾಗೆ ಕೇಳುತ್ತದೆ. ಈ ಗಾಳಿಯನ್ನು ಚೆದುರಿಸಿ ಸದ್ದನ್ನು ಮಾತ್ರ ಬಿಡುವ ತಡಿಕೆ ಬೇಕು.

ಅವಳು ಕಾಲುಚೀಲವನ್ನು ಉದ್ದಕ್ಕೆ ಸೀಳಿದಳು. ರಿಂಗಿನ ಒಳಬಳೆಯ ಮೇಲೆ ಹಾಸಿ, ಹೊರಬಳೆಯನ್ನು ಒತ್ತಿ ಕೂರಿಸಿ, ತಿರುಪು ಅರ್ಧ ಬಿಗಿ ಮಾಡಿ, ಸುತ್ತಲೂ ಬೆರಳಿನಿಂದ ಎಳೆ ಎಳೆಯಾಗಿ ಜಗ್ಗುತ್ತ ಬಂದಳು. ಸುಕ್ಕು ಹೋಗಿ ಬಟ್ಟೆ ಚರ್ಮ ಬಿಗಿದ ದಿಮ್ಮಿನ ಹಾಗಾದಾಗ ತಿರುಪನ್ನು ಪೂರ್ತಿ ಬಿಗಿ ಮಾಡಿದಳು. ಕಿಟಕಿಯ ಬೆಳಕಿಗೆ ಹಿಡಿದರೆ ಆಚೆಯ ತೆಂಗಿನ ಗರಿ ಕಾಣುತ್ತಿತ್ತು. ಊದಿದರೆ ಆಚೆ ಹಿಡಿದ ಕೈಗೆ ಗಾಳಿ ತಟ್ಟುತ್ತಿರಲಿಲ್ಲ. ಪರೀಕ್ಷೆ ಇಷ್ಟೇ: ಬೆಳಕು ಹಾಯಬೇಕು, ಉಸಿರು ಹಾಯಬಾರದು. ದಪ್ಪ ಬಟ್ಟೆ ಹಾಕಿದರೆ ಗುದ್ದು ನಿಲ್ಲುತ್ತದೆ ನಿಜ, ಅದರ ಜೊತೆಗೆ ‘ಸ’, ‘ಶ’ಗಳ ಹೊಳಪೂ ಹೋಗುತ್ತದೆ. ಸೊಳ್ಳೆ ಪರದೆಯ ಕಣ್ಣು ದೊಡ್ಡದು, ಒಂದು ಪದರು ಸಾಲದು. ಕಾಲುಚೀಲ ಸಿಗದಿದ್ದರೆ ತೆಳು ಶಿಫಾನ್ ದುಪಟ್ಟಾ ಆದೀತು.

ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ‘ಕಾಲಾಗಿಂದ ತಗದು ಬಾಯಿ ಮುಂದ ಹಿಡೀತೀಯಲ್ಲವಾ!’

‘ಹೊಸಾದೈತಿ ಆಯಿ, ಇನ್ನೂ ಯಾರೂ ಹಾಕಿಲ್ಲ’ ಎಂದಳು ಇವಳು, ರಿಂಗಿನ ಮೇಲಿಂದ ಕಣ್ಣು ತೆಗೆಯದೆ.

ರಿಂಗನ್ನು ತಂತಿಯಿಂದ ಸ್ಟ್ಯಾಂಡಿಗೆ ಕಟ್ಟುವಾಗ ಮೈಕಿನಿಂದ ಮೂರು ನಾಲ್ಕು ಬೆರಳು ಮುಂದೆ ನಿಲ್ಲುವಂತೆ ನೋಡಿಕೊಳ್ಳಬೇಕು. ಬಟ್ಟೆ ಮೈಕಿಗೆ ತಾಗಿಕೊಂಡಿದ್ದರೆ ಚೆದುರಿದ ಗಾಳಿಗೆ ಅಡಗಲು ಜಾಗವಿರುವುದಿಲ್ಲ. ಬಾಯಿಂದ ಮೈಕಿಗೆ ಒಂದು ಗೇಣು. ಇದಕ್ಕಿಂತ ಒಳ್ಳೆಯ ಅಳತೆ ನನಗೆ ಗೊತ್ತಿಲ್ಲ, ಎಲ್ಲರ ಕೈಯಲ್ಲೂ ಇರುತ್ತದೆ. ದೂರ ಎರಡು ಪಟ್ಟಾದರೆ ನೇರವಾಗಿ ಬರುವ ಧ್ವನಿ 6 ಡೆಸಿಬೆಲ್ ಇಳಿಯುತ್ತದೆ, ಕೋಣೆಯ ಮಾರ್ದನಿ ಮಾತ್ರ ಇದ್ದಷ್ಟೇ ಇರುತ್ತದೆ. ಹಾಗಾಗಿ ಎರಡು ಗೇಣು ಹಿಂದೆ ಸರಿದವರು ಬಾವಿಯೊಳಗಿಂದ ಮಾತಾಡಿದಂತೆ ಕೇಳುತ್ತಾರೆ. ತೀರ ಹತ್ತಿರ ಬಂದರೆ ಮಂದ್ರ ಉಬ್ಬುತ್ತದೆ. ಓದುವ ಹುರುಪಿನಲ್ಲಿ ತಲೆ ಹಿಂದೆ ಮುಂದೆ ಆಗುವುದು ಸಹಜ. ಅದಕ್ಕಾಗಿ ಅವಳು ರಿಂಗಿನ ಕೆಳತುದಿಗೆ ಒಂದು ದಾರ ಕಟ್ಟಿ, ಇನ್ನೊಂದು ತುದಿಯನ್ನು ಕುತ್ತಿಗೆಯ ಸರಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ. ದಾರ ಬಿಗಿಯಾದರೆ ದೂರ ಹೋದೆ ಎಂದು ತಿಳಿಯುತ್ತದೆ.

ಇನ್ನು ಶಾಕ್ ಮೌಂಟಿನ ಬದಲಿಗೆ ಪಿವಿಸಿ ಪೈಪು. ಮೂರಿಂಚು ಅಗಲದ ಬಳೆ ಕೊಯ್ದು, ಅಂಚಿಗೆ ಉಪ್ಪುಕಾಗದ ಹಾಕಿ ತಿಕ್ಕಿ, ಎರಡೂ ಅಂಚುಗಳಲ್ಲಿ ರಬ್ಬರು ಸಿಕ್ಕಿಸಲು ನಾಲ್ಕು ನಾಲ್ಕು ಕಚ್ಚು ಮಾಡಿದ್ದಾಳೆ. ಬ್ಯಾಂಡುಗಳನ್ನು ಎದುರು ಬದುರು ಎಳೆದರೆ ನಡುವೆ ಒಂದು ಚೌಕ ಉಳಿಯುತ್ತದೆ, ಮುಂದೊಂದು ಹಿಂದೊಂದು. ಮೈಕು ಆ ಎರಡು ಚೌಕಗಳಲ್ಲಿ ತೂರಿ, ಪೈಪಿಗೆ ಎಲ್ಲೂ ತಾಗದೆ ತೂಗಾಡುತ್ತದೆ. ಪಕ್ಕದ ಕೋಣೆಯಲ್ಲಿ ಯಾರಾದರೂ ನಡೆದಾಡಿದರೆ, ಓಣಿಯಲ್ಲಿ ಟ್ರ್ಯಾಕ್ಟರ್ ಹೋದರೆ, ಮೇಜಿನ ಮೇಲೆ ಮೊಣಕೈ ಊರಿದರೆ, ನಡುಕ ನೆಲದಿಂದ ಸ್ಟ್ಯಾಂಡಿಗೆ, ಸ್ಟ್ಯಾಂಡಿನಿಂದ ಮೈಕಿಗೆ ಹತ್ತುತ್ತದೆ. ನಮ್ಮ ಕಿವಿಗೆ ಬೀಳದ ಈ ನಡುಕವನ್ನು ಮೈಕು ತಪ್ಪದೆ ಹಿಡಿಯುತ್ತದೆ. ರಬ್ಬರಿನ ಜೋಲಿ ಅದನ್ನು ನಡುದಾರಿಯಲ್ಲೇ ತಿಂದುಬಿಡುತ್ತದೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಬಿಗಿ ಮಾಡಿದಷ್ಟೂ ಭದ್ರ ಎಂದು ನಮ್ಮ ಕೈ ಎಣಿಸುತ್ತದೆ, ಜೋಲಿಯ ಲೆಕ್ಕ ತಿರುಗುಮುರುಗು. ರಬ್ಬರು ಮೆದುವಾಗಿ, ಮೈಕು ಭಾರವಾಗಿ ಇದ್ದಷ್ಟೂ ಅದು ತನ್ನಷ್ಟಕ್ಕೆ ಆಡುವ ವೇಗ ಕಡಿಮೆಯಾಗುತ್ತದೆ. ಆ ವೇಗ ಕಿವಿಗೆ ಕೇಳಿಸುವ ಕೆಳಮಿತಿಗಿಂತ, ಅಂದರೆ ಸೆಕೆಂಡಿಗೆ 20 ಕಂಪನಕ್ಕಿಂತ, ಚೆನ್ನಾಗಿ ಕೆಳಗಿರಬೇಕು. ಮೈಕನ್ನು ಬೆರಳಿನಿಂದ ಮೆಲ್ಲಗೆ ತಳ್ಳಿದರೆ ಕಣ್ಣಿಗೆ ಕಾಣುವಂತೆ ನಿಧಾನವಾಗಿ ತೂಗಬೇಕು, ಗಡಗಡ ನಡುಗಬಾರದು. ಸೈಕಲ್ ಟ್ಯೂಬಿನ ಪಟ್ಟಿ ಸಣ್ಣ ಮೈಕಿಗೆ ಬಿರುಸಾಗುತ್ತದೆ. ಬರೀ ರಬ್ಬರು ಉಜ್ಜಿದಾಗ ಕಿರುಗುಟ್ಟುತ್ತದೆ, ಬಟ್ಟೆ ಸುತ್ತಿದ ಜಡೆಯ ಬ್ಯಾಂಡಿಗೆ ಆ ರಗಳೆಯಿಲ್ಲ. ಬೇಸಿಗೆ ಕಳೆದ ಮೇಲೆ ಒಮ್ಮೆ ಎಲ್ಲವನ್ನೂ ಬದಲಿಸಬೇಕು, ಸೆಖೆಗೆ ರಬ್ಬರು ಸತ್ವ ಕಳೆದುಕೊಂಡು ಹರಿಯುತ್ತದೆ. ಕೇಬಲನ್ನು ಮೈಕಿನಿಂದ ನೇರ ಕೆಳಗೆ ಬಿಟ್ಟರೆ ಜೋಲಿ ಕಟ್ಟಿದ್ದೆಲ್ಲ ವ್ಯರ್ಥ, ನಡುಕ ಕೇಬಲ್ ಹಿಡಿದು ಹತ್ತುತ್ತದೆ. ಒಂದು ಸಡಿಲ ಸುತ್ತು ಬಿಟ್ಟು ಸ್ಟ್ಯಾಂಡಿಗೆ ಕಟ್ಟಬೇಕು.

ಕೋಣೆಯಲ್ಲಿ ಕಥೆ ಓದುವುದಕ್ಕೆ ಇಷ್ಟು ಸಾಕಿತ್ತು. ಅವ್ವನ ಹಾಡು ಬೇರೆಯೇ ಸಮಸ್ಯೆ ತಂದಿತು. ಮೈಕಿನ ಮುಂದೆ ಕೂರಿಸಿ ಹಾಡು ಎಂದರೆ ಆಕೆ ಎರಡು ಸಾಲು ಹೇಳಿ ಸುಮ್ಮನಾದಳು.

‘ಕಲ್ಲ ತಿರುಗಲಾರದ ಹಾಡು ಹೆಂಗ ಬರತೈತವಾ? ಕೈ ಆಡಿದ್ರ ಬಾಯಿ ಆಡತೈತಿ.’

ಮಾತು ಸರಿಯಾಗಿತ್ತು. ಬೀಸುವ ಹಾಡಿನ ಉಸಿರು, ಎಳೆತ, ನಿಲುಗಡೆ ಎಲ್ಲ ಕಲ್ಲಿನ ಸುತ್ತಿಗೆ ಒಗ್ಗಿಕೊಂಡು ಹುಟ್ಟಿದವು. ಹಿತ್ತಲಲ್ಲಿ ಮುಗುಚಿ ಹಾಕಿದ್ದ ಬೀಸುಕಲ್ಲನ್ನು ತೊಳೆದು ಪಡಸಾಲೆಗೆ ತಂದೆವು. ಪಡಸಾಲೆಯ ನೆಲ ಶಹಾಬಾದ್ ಕಲ್ಲಿನದು. ಕಲ್ಲಿನ ಮೇಲೆ ಕಲ್ಲು ತಿರುಗಿದರೆ ಇಡೀ ನೆಲವೇ ಗುಡುಗುತ್ತದೆ, ಅದರ ಮೇಲೆ ಸ್ಟ್ಯಾಂಡ್ ಇಟ್ಟರೆ ಮೈಕಿಗೆ ಗುಡುಗಿನ ಹೊರತು ಬೇರೇನೂ ಕೇಳದು.

ಉಪಾಯ ತೊಲೆಯ ಮೇಲೆಯೇ ಇತ್ತು: ತೊಟ್ಟಿಲು ಕಟ್ಟುವ ಕಬ್ಬಿಣದ ಕೊಂಡಿ. ನಮ್ಮನ್ನೆಲ್ಲ ತೂಗಿದ ಕೊಂಡಿ ಅದು. ಅದಕ್ಕೆ ನೂಲಿನ ಹಗ್ಗ ಬಿಗಿದು, ಹಗ್ಗದ ತುದಿಗೆ ಟೇಲರ್ ಅಂಗಡಿಯ ಅಗಲ ಎಲಾಸ್ಟಿಕ್ ಪಟ್ಟಿ ಸೇರಿಸಿ, ಅದರಿಂದ ಪೈಪಿನ ಬಳೆಯನ್ನು ಮೈಕಿನ ಸಮೇತ ಇಳಿಬಿಟ್ಟೆವು. ಈಗ ಮೈಕಿಗೂ ನೆಲಕ್ಕೂ ಸಂಬಂಧವೇ ಇಲ್ಲ. ಬೀಸುಕಲ್ಲಿನ ಕೆಳಗೆ ನಾಲ್ಕು ಮಡಿಕೆಯ ಗೋಣಿಚೀಲ. ಮೈಕಿನ ಬಾಯಿ ಅವ್ವನ ತುಟಿಯ ಎತ್ತರದಲ್ಲಿ ಕೊಂಚ ಬದಿಗೆ, ಬೆನ್ನು ಕಲ್ಲಿನ ಕಡೆಗೆ. ಈ ಬಗೆಯ ಮೈಕು ಎದುರಿನದನ್ನು ಚೆನ್ನಾಗಿ, ಬೆನ್ನ ಹಿಂದಿನದನ್ನು ಬಹಳ ಕಡಿಮೆ ಕೇಳಿಸಿಕೊಳ್ಳುತ್ತದೆ. ಬೇಡದ ಸದ್ದಿನತ್ತ ಅದರ ಬೆನ್ನು ತಿರುಗಿಸುವುದು ಕಾಸು ಖರ್ಚಿಲ್ಲದ ಮದ್ದು.

ಆಮೇಲೆ ಕೌದಿಗಳ ಸರದಿ. ಹಳೆ ಸೀರೆ, ಧೋತರಗಳ ಪದರುಗಳನ್ನು ಒಂದರ ಮೇಲೊಂದು ಹಾಸಿ, ಬಣ್ಣದ ತುಂಡು ಜೋಡಿಸಿ, ಬೆರಳಗಲದ ಸಾಲು ಹೊಲಿಗೆ ಹಾಕಿದ್ದು. ಅವ್ವನ ಮದುವೆಯ ಇಳಕಲ್ ಸೀರೆಯ ದಡಿ ಒಂದರ ಅಂಚಿನಲ್ಲಿದೆ. ಒಂದನ್ನು ಇಬ್ಬರು ಹಿಡಿದು ಎತ್ತಬೇಕು, ಅಷ್ಟು ಭಾರ. ಆ ಭಾರವೇ ನಮಗೆ ಬೇಕಾದದ್ದು. ಧ್ವನಿ ಬಟ್ಟೆಯ ನೂಲುಗಳ ನಡುವೆ ನುಗ್ಗಿ ಹೊರಬರಲು ಹೆಣಗುವಾಗ ತನ್ನ ಬಲ ಕಳೆದುಕೊಳ್ಳುತ್ತದೆ. ಪದರು ಹೆಚ್ಚಿದಷ್ಟೂ ಹೆಣಗಾಟ ಹೆಚ್ಚು.

ಎಲ್ಲಿ ಕಟ್ಟಬೇಕು ಎಂಬುದರಲ್ಲಿ ಬಹಳ ಜನ ಎಡವುತ್ತಾರೆ. ಮೈಕಿನ ಹಿಂದೆ ಕಟ್ಟಿದರೆ ಸಿಗುವ ಲಾಭ ಸ್ವಲ್ಪ. ಮೈಕು ನೋಡುವುದು ಹಾಡುವವರ ಬೆನ್ನ ಹಿಂದಿನ ಗೋಡೆಯನ್ನು. ಮಾರ್ದನಿ ಒಳಗೆ ಬರುವುದು ಅಲ್ಲಿಂದ. ಆದ್ದರಿಂದ ಒಂದು ಕೌದಿ ಅವ್ವನ ಹಿಂದೆ, ಇನ್ನೊಂದು ಬಲಬದಿಗೆ, ಗೋಡೆಯಿಂದ ಒಂದು ಗೇಣು ಮುಂದೆ ಹಗ್ಗದ ಮೇಲೆ. ಗೋಡೆಗೆ ಅಂಟಿಸಿದರೆ ಯಾಕೆ ಆಗದು ಎಂದು ಕೇಳಿದೆ. ‘ಗೋಡೀಗೆ ಹತ್ತಿದಲ್ಲೆ ಗಾಳಿ ಅಲುಗಾಡೂದಿಲ್ಲ ಮಾಮಾ, ಅಲುಗಾಡದ ಗಾಳಿಯಿಂದ ಕೌದಿ ಏನ ಕಸಗೊಳ್ಳಬೇಕ್ರಿ?’ ಎಂದಳು. ಲೆಕ್ಕವೂ ಅದನ್ನೇ ಹೇಳುತ್ತದೆ. ಸೆಕೆಂಡಿಗೆ 1000 ಕಂಪನದ ಧ್ವನಿಯ ಅಲೆಯ ಉದ್ದ 34 ಸೆಂಟಿಮೀಟರ್. ಗೋಡೆಯಿಂದ ಅದರ ಕಾಲು ಭಾಗ, ಸುಮಾರು ಎಂಟೂವರೆ ಸೆಂಟಿಮೀಟರ್ ಮುಂದೆ, ಗಾಳಿಯ ಕಣಗಳ ಓಡಾಟ ಅತಿ ಹೆಚ್ಚು. ಬಟ್ಟೆ ಅಲ್ಲಿದ್ದರೆ ಕಸಿಯುವುದೂ ಹೆಚ್ಚು. ಮಂದ್ರಕ್ಕೆ ಇಳಿದಂತೆ ಈ ದೂರ ಬೆಳೆಯುತ್ತ 100 ಕಂಪನಕ್ಕೆ 85 ಸೆಂಟಿಮೀಟರ್ ಆಗುತ್ತದೆ. ಯಾವ ಕೌದಿಯೂ ಎಲ್ಲವನ್ನೂ ನುಂಗದು, ಮಾತು ಹಾಡಿನ ಮುಖ್ಯ ಭಾಗಕ್ಕೆ ಒಂದು ಗೇಣು ಸಾಕು.

ಗೋಡೆಗೆ ಮೊಟ್ಟೆಯ ಟ್ರೇ ಹೊಡೆದರೆ ಸ್ಟುಡಿಯೋ ಆಗುತ್ತದೆ ಎಂಬ ನಂಬಿಕೆಯನ್ನು ಇನ್ನಾದರೂ ಬಿಡಬೇಕು. ತೆಳು ರಟ್ಟು ಎತ್ತರದ ಸ್ವರಗಳನ್ನು ಅಲ್ಪಸ್ವಲ್ಪ ಚೆದುರಿಸಿ ಸುಮ್ಮನಾಗುತ್ತದೆ, ಮಾರ್ದನಿ ಉಳಿದೇ ಉಳಿಯುತ್ತದೆ, ಬೆಂಕಿ ತಗುಲಿದರೆ ಗತಿಯಿಲ್ಲ. ಥರ್ಮಾಕೋಲ್ ಅದಕ್ಕಿಂತ ಕಡೆ, ಅದರೊಳಗೆ ಗಾಳಿಗೆ ದಾರಿಯೇ ಇಲ್ಲ. ಕೌದಿಯೂ ಓಣಿಯ ಸದ್ದನ್ನು ಹೊರಗೆ ತಡೆಯುವುದಿಲ್ಲ, ಅದಕ್ಕೆ ಭಾರದ ಗೋಡೆ, ಸಂದಿಲ್ಲದ ಬಾಗಿಲು ಬೇಕು. ಓಣಿ ಸುಮ್ಮನಿರುವ ಹೊತ್ತನ್ನು ಆರಿಸಿಕೊಳ್ಳುವುದೇ ದಾರಿ. ಬೀಸುವ ಹಾಡಿಗೆ ಆ ಹೊತ್ತು ಮೊದಲಿನಿಂದಲೂ ಬೆಳಗಿನ ಜಾವವೇ.

ಕಲ್ಲಿನ ದನಿಯನ್ನು ದೂರ ಇಟ್ಟೆವು ನಿಜ, ಪೂರ್ತಿ ಕಳೆದುಕೊಳ್ಳಲು ಅವಳಿಗೆ ಮನಸ್ಸಿರಲಿಲ್ಲ. ಹುಬ್ಬಳ್ಳಿಯ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ಪೀಜೋ ಬಿಲ್ಲೆ ತಂದಿದ್ದಳು. ಹಿತ್ತಾಳೆಯ ತಗಡು, 27 ಮಿಲಿಮೀಟರ್ ಅಗಲ, ನಡುವೆ ಬೆಳ್ಳಗಿನ ಪಿಂಗಾಣಿಯ ಪೊರೆ. ಅಲಾರಮ್ಮಿನ ಬಜರ್ ಒಳಗೆ ಇರುವುದು ಇದೇ. ಕೆಲವು ಹರಳುಗಳನ್ನು ಅದುಮಿದರೆ ವಿದ್ಯುತ್ ಹುಟ್ಟುತ್ತದೆ ಎಂದು ಪಿಯರ್ ಮತ್ತು ಜಾಕ್ ಕ್ಯೂರಿ ಸೋದರರು 1880ರಲ್ಲಿ ತೋರಿಸಿಕೊಟ್ಟರು; ಅಡುಗೆಮನೆಯ ಗ್ಯಾಸ್ ಲೈಟರ್ ‘ಟಿಕ್’ ಎಂದು ಕಿಡಿ ಹಾರಿಸುವುದು ಆ ತತ್ವದಿಂದಲೇ. ಈ ಬಿಲ್ಲೆ ಗಾಳಿಯ ಸದ್ದನ್ನು ಕೇಳುವುದಿಲ್ಲ, ತಾನು ಅಂಟಿಕೊಂಡ ವಸ್ತುವಿನ ನಡುಕವನ್ನು ಮಾತ್ರ ಕೇಳುತ್ತದೆ.

ಬೆಸುಗೆ ಹಾಕುವಾಗ ಅವಳ ಕೈಚಳಕ ನೋಡಬೇಕು. ತಂತಿಗೂ ಬಿಲ್ಲೆಗೂ ಮೊದಲೇ ಒಂದೊಂದು ಹನಿ ಸೀಸ ಹಚ್ಚಿಟ್ಟುಕೊಂಡು, ಕಾದ ಕಡ್ಡಿಯನ್ನು ತಾಗಿಸಿದ ಕೂಡಲೇ ತೆಗೆಯುತ್ತಾಳೆ. ಹೆಚ್ಚು ಹೊತ್ತು ಇಟ್ಟರೆ ಬೆಳ್ಳಿಯ ಲೇಪ ಏಳುತ್ತದೆ, ಪಿಂಗಾಣಿ ತನ್ನ ಗುಣ ಕಳೆದುಕೊಳ್ಳುತ್ತದೆ. ಹೊರಕವಚವಿರುವ ತಂತಿಯೇ ಬೇಕು, ಇಲ್ಲದಿದ್ದರೆ ಮನೆಯ ಕರೆಂಟಿನ ಗುಂಯ್‌ಗುಟ್ಟುವಿಕೆ ಸೇರಿಕೊಳ್ಳುತ್ತದೆ. ಇದನ್ನು ಮೊಬೈಲಿಗೆ ನೇರ ಜೋಡಿಸಿದರೆ ದನಿ ಬಡಕಲಾಗುತ್ತದೆ, ಮಂದ್ರ ಸೋರಿಹೋಗುತ್ತದೆ. ಧ್ವನಿಮುದ್ರಣದ ಪೆಟ್ಟಿಗೆಯಲ್ಲಿ ಗಿಟಾರಿಗೆಂದು ಕೊಟ್ಟಿರುವ, ಒಂದು ಮೆಗಾ ಓಮ್ ಅಥವಾ ಅದಕ್ಕೂ ಮೇಲಿನ ತಡೆಯುಳ್ಳ ತೂತಿಗೆ ಹಾಕಬೇಕು. ಮೈಕಿಗೆ 48 ವೋಲ್ಟ್ ಕೊಡುವ ತೂತಿಗೆ ಮಾತ್ರ ಇದನ್ನು ಹಾಗೆಯೇ ಚುಚ್ಚಬೇಡಿ. ಬಿಲ್ಲೆಯ ಹಿತ್ತಾಳೆ ಬದಿಯನ್ನು ಕೆಳಗಲ್ಲಿನ ಪಕ್ಕಕ್ಕೆ ಎರಡು ಬದಿ ಅಂಟುವ ಟೇಪಿನಿಂದ ಹಚ್ಚಿ, ಮೇಲೆ ಹಿಡಿ ಕಣಕ ಮೆತ್ತಿದಳು.

ಹೆಡ್‌ಫೋನ್ ನನ್ನ ಕಿವಿಗೆ ಹಾಕಿ ಅವ್ವನಿಗೆ ಕಣ್ಸನ್ನೆ ಮಾಡಿದಳು. ಒಂದು ಹಿಡಿ ಜೋಳ ಕಲ್ಲಿನ ಬಾಯಿಗೆ ಬಿತ್ತು, ಗೂಟ ತಿರುಗಿತು. ಎಡಗಿವಿಯಲ್ಲಿ ಕಾಳು ಮೊದಲು ಕಟಕಟ ಒಡೆದು, ಆಮೇಲೆ ಗರಗರ ಅರೆದು, ಹಿಟ್ಟಾಗುತ್ತಿದ್ದಂತೆ ಸೊರಸೊರ ಎಂದು ಮೆತ್ತಗಾಗುವುದು ಬಿಡಿಬಿಡಿಯಾಗಿ ಕೇಳಿತು. ಹುಟ್ಟಿದಂದಿನಿಂದ ಕೇಳಿದ ಕಲ್ಲು, ಅದರ ಒಳಗಿನ ಈ ಮಾತು ನನಗೆ ಹೊಸದು. ಬಲಗಿವಿಯಲ್ಲಿ ಅವ್ವನ ದನಿ. ಕಾಳು ಒಡೆಯುವಾಗ ಆಕೆ ಸ್ವರ ಏರಿಸುತ್ತಾಳೆ, ಹಿಟ್ಟು ನುಣುಪಾದಾಗ ಇಳಿಸುತ್ತಾಳೆ, ಮತ್ತೊಂದು ಹಿಡಿ ಹಾಕುವಷ್ಟು ಹೊತ್ತು ಉಸಿರು ಎಳೆದುಕೊಳ್ಳುತ್ತಾಳೆ. ಹಾಡಿನ ಚರಣ ಅಷ್ಟೇ ಉದ್ದ ಯಾಕೆ ಎಂಬುದು ಎರಡೂ ದನಿ ಬೇರೆ ಬೇರೆಯಾಗಿ ಸಿಕ್ಕ ಮೇಲೆ ನನಗೆ ಅರ್ಥವಾಯಿತು.

ಚಹಾ ಜಾಲರಿಗಳು ಬಯಲಿಗೆ. ಧಾರವಾಡದ ಆಷಾಢದ ಗಾಳಿ ಗೊತ್ತಿದ್ದವರಿಗೆ ಹೊಲದ ಬದುವಿನಲ್ಲಿ ಧ್ವನಿಮುದ್ರಣ ಎಂಥ ಕಷ್ಟ ಎಂದು ಹೇಳಬೇಕಿಲ್ಲ. ಹಿಡಿ ಕತ್ತರಿಸಿದ ಎರಡು ಜಾಲರಿಗಳನ್ನು ಬಾಯಿಗೆ ಬಾಯಿ ಇಟ್ಟು ಹೊಲಿದರೆ ಒಂದು ಚೆಂಡು. ಕಾಲರಿಗೆ ಸಿಕ್ಕಿಸುವ ಸಣ್ಣ ಮೈಕು ಅದರ ನಟ್ಟನಡುವೆ, ಎಲ್ಲೂ ತಾಗದಂತೆ. ಹೊರಗೆ ಕರಡಿ ಗೊಂಬೆಯ ತುಪ್ಪಳ. ಕೂದಲು ಗಾಳಿಯ ಓಟ ಮುರಿಯುತ್ತದೆ, ಜಾಲರಿಯ ಒಳಗೆ ಗಾಳಿ ನಿಂತ ನೀರಾಗಿರುತ್ತದೆ, ಧ್ವನಿ ಎರಡನ್ನೂ ದಾಟಿ ಬರುತ್ತದೆ. ತುಪ್ಪಳ ಆರಿಸುವಾಗ ಹಿಂಬದಿಯ ಬಟ್ಟೆಗೆ ಬಾಯಿ ಹಚ್ಚಿ ಊದಿ ನೋಡಬೇಕು. ಉಸಿರು ಕಷ್ಟಪಟ್ಟಾದರೂ ಹಾಯ್ದರೆ ಆಯಿತು. ಅಂಟು ಬಳಿದು ಮುಚ್ಚಿದ್ದರೆ ಬೇಡ, ದನಿ ಮಂಕಾಗುತ್ತದೆ.

ಭಜನೆಯವರ ಗುಂಪಿಗೆ ಅವಳು ಮಾಡಿಕೊಂಡಿರುವುದು ಹಾಳಾದ ಒಂದು ಎಲ್‌ಪಿ ತಟ್ಟೆ. ಸ್ವಿಸ್ ರೇಡಿಯೋದಲ್ಲಿ ಧ್ವನಿ ಎಂಜಿನಿಯರ್ ಆಗಿದ್ದ ಯೂರ್ಗ್ ಜೆಕ್ಲಿನ್ ಎಂಬವರು ಎರಡು ಮೈಕುಗಳ ನಡುವೆ ಮೆತ್ತೆ ಹೊದಿಸಿದ 30 ಸೆಂಟಿಮೀಟರ್ ತಟ್ಟೆ ನಿಲ್ಲಿಸಿ, ಮೈಕುಗಳನ್ನು 16.5 ಸೆಂಟಿಮೀಟರ್ ಅಂತರದಲ್ಲಿಟ್ಟು, ನಮ್ಮ ಎರಡು ಕಿವಿ ಕೇಳುವಂತೆ ಕೇಳಿಸುವ ಪದ್ಧತಿ ರೂಪಿಸಿದರು. ಎಲ್‌ಪಿಯ ಅಗಲ ಹನ್ನೆರಡಿಂಚು, ಅಂದರೆ ಹೆಚ್ಚುಕಡಿಮೆ ಅದೇ ಅಳತೆ. ಎರಡೂ ಬದಿಗೆ ಹಳೆ ಕಂಬಳಿ ಅಂಟಿಸಿದ್ದಾಳೆ. ಕಣ್ಣು ಮುಚ್ಚಿ ಕೇಳಿದರೆ ತಾಳದವರು ಎಲ್ಲಿ ಕೂತಿದ್ದಾರೆ, ಹಾರ್ಮೋನಿಯಂ ಎಲ್ಲಿದೆ ಎಂದು ಬೆರಳು ತೋರಿಸಬಹುದು.

ಎಲ್ಲವನ್ನೂ ಮನೆಯಲ್ಲೇ ಮಾಡಿ ಎಂದು ನಾನು ಹೇಳಲಾರೆ. ಕೇಬಲ್ ಮತ್ತು ಹೆಡ್‌ಫೋನಿಗೆ ಕೈಯಲ್ಲಿರುವ ದುಡ್ಡು ಹಾಕಿ. ಕೆಟ್ಟ ಕೇಬಲಿನ ಚರಪರವನ್ನು ಆಮೇಲೆ ತೆಗೆಯಲಾಗದು, ಹೆಡ್‌ಫೋನ್ ಇಲ್ಲದೆ ಅದು ಬರುತ್ತಿದೆ ಎಂದೇ ತಿಳಿಯದು. ಸ್ಟ್ಯಾಂಡು ಬೇಡ: ಹಳೆಯ ಡಾಲ್ಡಾ ಡಬ್ಬಿಯಲ್ಲಿ ಸಿಮೆಂಟು ಮರಳು ಕಲಸಿ ಪೈಪು ನೆಟ್ಟರೆ ಬುಡ ಆಯಿತು; ಮೈಕಿನ ಹಿಡಿಕೆಗಳ ಒಂದು ಅಳತೆ ಮೂರು ಸೂತು, ಹಾರ್ಡ್‌ವೇರ್ ಅಂಗಡಿಯಲ್ಲಿ ಅದೇ ಅಳತೆಯ ಬೋಲ್ಟು ಕೇಳಿ ಹಿಡಿಕೆಗೆ ತಿರುಗಿಸಿ ನೋಡಿ ತನ್ನಿ.

ಓದುವವರಲ್ಲಿ ನನ್ನ ಕೋರಿಕೆ ಇಷ್ಟು. ನಿಮ್ಮ ಮನೆಯಲ್ಲಿ ಬೀಸುವ ಹಾಡೋ, ಸೋಬಾನೆಯೋ, ಲಾವಣಿಯೋ ಬಲ್ಲ ಹಿರಿಯರಿದ್ದರೆ ದೊಡ್ಡ ಮೈಕು ಕೊಳ್ಳುವ ತನಕ ಕಾಯಬೇಡಿ. ಇರುವ ಫೋನಿಗೇ ಒಂದು ಕಸೂತಿ ರಿಂಗು ಅಡ್ಡ ಇಡಿ, ಹಾಡುವವರ ಹಿಂದೆ ಒಂದು ಕೌದಿ ಕಟ್ಟಿ, ಅವರನ್ನು ಒಂದು ಗೇಣು ದೂರ ಕೂರಿಸಿ, ಅವರ ಒಪ್ಪಿಗೆ ಕೇಳಿ ಶುರು ಮಾಡಿ. ದನಿಯ ಮಟ್ಟ ಎಂದೂ ಕೆಂಪಿಗೆ ಹೋಗದಂತೆ ತಗ್ಗಿಸಿಟ್ಟುಕೊಳ್ಳಿ. ಹಾಡಿಗೆ ಮೊದಲು ಅವರ ಹೆಸರು, ಊರು, ಹಾಡು ಯಾರಿಂದ ಕಲಿತದ್ದು, ಅಂದಿನ ತಾರೀಕು ಇಷ್ಟನ್ನು ಅವರ ಬಾಯಿಂದಲೇ ಹೇಳಿಸಿ. ಮೂಲ ಫೈಲನ್ನು ಕತ್ತರಿಸದೆ, ಒತ್ತಿ ಚಿಕ್ಕದು ಮಾಡದೆ, ಎರಡು ಬೇರೆ ಬೇರೆ ಕಡೆ ಉಳಿಸಿಡಿ.